ಕೇದಾರ ಯಾತ್ರೆಗೆ ಡೌನ್ ಜಾಕೆಟ್: ಕೊಳ್ಳುವ ಮುನ್ನ

ನಮ್ಮ ಕೋಹೀರ್ ಕಡೆಯ ಚಳಿಗೆ ಸ್ವೆಟರ್, ಶಾಲು ಸಾಕು. 3,583 ಮೀಟರ್ ಎತ್ತರದ ಕೇದಾರನಾಥಕ್ಕೆ ಸಾಲದು. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಏರಬೇಕು, ಬೇಸಿಗೆಯಲ್ಲೂ ರಾತ್ರಿ ಕೊರೆಯುವ ಚಳಿ.

ಡೌನ್ ಎಂದರೆ ಬಾತುಕೋಳಿ, ಹೆಬ್ಬಾತುಗಳ ತುಪ್ಪುಳ. ಅದು ಉಬ್ಬಿ, ಒಳಗೆ ಗಾಳಿ ಹಿಡಿದಿಟ್ಟು ಮೈ ಬೆಚ್ಚಗಿಡುತ್ತದೆ. ಕೊಳ್ಳುವಾಗ ನೋಡಬೇಕಾದದ್ದು:

1. ಫಿಲ್ ಪವರ್: ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳ ಎಷ್ಟು ಘನ ಅಂಗುಲ ಉಬ್ಬುತ್ತದೆಂಬ ಲೆಕ್ಕ. 600ರಿಂದ 700 ಸಾಕು. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆಂದೂ ಕೇಳಿ.
2. ಪಟ್ಟಿಯಲ್ಲಿ 90/10 ಎಂದಿದ್ದರೆ 90 ಪಾಲು ತುಪ್ಪುಳ, 10 ಪಾಲು ಗರಿ.
3. ಒಳಗೆ ಸ್ವೆಟರ್ ಹಿಡಿಸುವಷ್ಟು ಸಡಿಲವಿರಲಿ.

ಮುಖ್ಯ ಮಾತು: ತುಪ್ಪುಳ ನೆನೆದರೆ ಮುದ್ದೆಯಾಗುತ್ತದೆ, ಬೆಚ್ಚಗಿಡುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಆ ಚಳಿ ಹಿರಿಯರ ಜೀವಕ್ಕೇ ಅಪಾಯ. ಆದ್ದರಿಂದ ಬೆವರುತ್ತ ಏರುವಾಗ ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ, ವಿಶ್ರಾಂತಿಗೆ ಕೂತಾಗ ತೊಡಿ. ರೇನ್‌ಕೋಟ್ ಜೊತೆಗಿರಲೇಬೇಕು. ಮಳೆಗಾಲದಲ್ಲಿ ಹೊರಡುವವರಿಗೂ ಹಕ್ಕಿಯ ತುಪ್ಪುಳ ಬೇಡವೆನ್ನುವವರಿಗೂ ಸಿಂಥೆಟಿಕ್ ಜಾಕೆಟ್ಟೇ ಸರಿ.

ಯಾತ್ರೆ ಮುಗಿಸಿ ಬಂದವರು ತಮ್ಮ ಜಾಕೆಟ್ಟನ್ನು ಮುಂದೆ ಹೋಗುವವರಿಗೆ ಎರವಲು ಕೊಟ್ಟರೆ ಇನ್ನೂ ಒಳ್ಳೆಯದು.

– ಕಾರ್ಯದರ್ಶಿ