ಊರಿಗೊಬ್ಬ ದೊಣ್ಣೆ ನಾಯಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಒಬ್ಬರ ಮಾತನ್ನು ತಳ್ಳಿಹಾಕಲು ಜನ ಹೆಚ್ಚು ಕಷ್ಟಪಡುವುದಿಲ್ಲ. ‘ಬುಡತ್ಲಾಗೆ’ ಅಂದರೆ ಮುಗಿಯಿತು. ಬಿಡು ಅತ್ತಲಾಗೆ, ಅಷ್ಟೇ. ಬೇಕಾದವರಾದರೆ ಅದನ್ನೇ ಸ್ವಲ್ಪ ಎಳೆದು ‘ಬುಡವ್ವ ಅತ್ಲಾಗೆ’ ಎಂದು ಸಮಾಧಾನವನ್ನೂ ಹೇಳಬಹುದು. ಇಂಥ ಮಾತಿಗೆ ಇತಿಹಾಸ ಹುಡುಕಬೇಕಿಲ್ಲ, ಅರ್ಥ ಮೇಲೆಯೇ ತೇಲುತ್ತಿರುತ್ತದೆ. ಆದರೆ ಇನ್ನು ಕೆಲವು ಹಳೆಯ ತಾತ್ಸಾರದ ಮಾತುಗಳಿವೆ. ಆಡುವವರಿಗೆ ಅವುಗಳ ಮೂಲ ಮರೆತಿದೆ, ಮಾತು ಮಾತ್ರ ಮೊನಚಾಗಿಯೇ ಉಳಿದಿದೆ.

ನನ್ನ ಪಿಎಚ್.ಡಿ. ಅಧ್ಯಯನ ಈ ಸೀಮೆಯ ಶಾಸನಗಳಲ್ಲಿ ಬರುವ ತೆರಿಗೆಗಳು ಮತ್ತು ಅಧಿಕಾರಿಗಳ ಹೆಸರುಗಳ ಬಗ್ಗೆ. ಹಗಲು ಶಾಸನ ಸಂಪುಟದಲ್ಲಿ ಓದಿದ ಪದ ಸಂಜೆ ಟೀ ಅಂಗಡಿಯಲ್ಲಿ ಬೈಗುಳವಾಗಿ ಕಿವಿಗೆ ಬೀಳತೊಡಗಿದ ಮೇಲೆ ಈ ಕಡೆಗೂ ಗಮನ ಹೋಯಿತು.

ದುಡ್ಡಿನ ಮಾತುಗಳು ಸುಲಭದವು. ‘ಮೂರು ಕಾಸಿನವನು’ ಎಂದು ಈಗಲೂ ಬೈಯುತ್ತಾರೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿ ನಮ್ಮ ಕಡೆ ಪೈಯನ್ನೇ ಕಾಸು ಎನ್ನುತ್ತಿದ್ದರು. ಮೂರು ಕಾಸು ಎಂದರೆ ಕಾಲಾಣೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲೆ ಆ ಲೆಕ್ಕ ಹೋಯಿತು, ಬೈಗುಳ ಹೋಗಲಿಲ್ಲ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವಾಗಲಂತೂ ಕವಡೆ, ಕಾಸು, ಅರಬ್ಬಿ ಮೂಲದ ಕಿಮ್ಮತ್ತು ಮೂರೂ ಒಬ್ಬ ಬಡಪಾಯಿಯ ತಲೆಯ ಮೇಲೆ ಒಟ್ಟಿಗೇ ಬೀಳುತ್ತವೆ.

ನನ್ನನ್ನು ನಿಲ್ಲಿಸಿದ್ದು ‘ದೊಣ್ಣೆ ನಾಯಕ’. ಪಿರಿಯಾಪಟ್ಟಣದ ಹತ್ತಿರ ಒಬ್ಬ ಹೊಗೆಸೊಪ್ಪಿನ ಬೆಳೆಗಾರರು, ಹರಾಜಿನಲ್ಲಿ ತಮ್ಮ ಬೇಲಿಗೆ ಕಡಿಮೆ ಬೆಲೆ ಕೂಗಿದವನ ಬಗ್ಗೆ ಹೇಳುತ್ತಾ, ‘ಅವನ್ಯಾವ ಸೀಮೆ ದೊಣ್ಣೆ ನಾಯ್ಕ ಅಂತ ನನ್ ಸೊಪ್ಪಿಗೆ ಬೆಲೆ ಕಟ್ತಾನೆ?’ ಅಂದರು. ದೊಣ್ಣೆ ಹಿಡಿದು ಹೆದರಿಸುವ ಪುಂಡ ಎಂದೇ ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಹೊಯ್ಸಳರ ಕಾಲದ ಶಾಸನಗಳಲ್ಲಿ ದಂಡನಾಯಕರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ಬರೆಯುವವರ ಕೈಯಲ್ಲೇ ಆ ಪದ ‘ದಣ್ಣಾಯಕ’ ಎಂದು ಸವೆದಿದೆ. ದಣ್ಣಾಯಕನಿಂದ ದೊಣ್ಣೆ ನಾಯಕನಿಗೆ ಒಂದೇ ಹೆಜ್ಜೆ. ತಮಾಷೆಯೆಂದರೆ, ಸಂಸ್ಕೃತದ ‘ದಂಡ’ಕ್ಕೆ ಸೈನ್ಯ ಎಂಬ ಅರ್ಥದ ಜೊತೆ ಕೋಲು ಎಂಬ ಅರ್ಥವೂ ಇದೆ. ಜನ ಪದವನ್ನು ಕೆಡಿಸಿದರು ಅನ್ನುವುದಕ್ಕಿಂತ, ಸೇನಾಪತಿಯ ಕೈಯಲ್ಲಿದ್ದ ದೊಣ್ಣೆಯನ್ನು ಸರಿಯಾಗಿಯೇ ಗುರುತಿಸಿದರು ಅನ್ನಬೇಕು.

ಈ ದಣ್ಣಾಯಕರು ಸಣ್ಣವರಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೇ ಶತಮಾನದ ಆರಂಭದಲ್ಲಿ ಚೋಳರಿಂದ ತಲಕಾಡನ್ನು ಗೆದ್ದವನು. ಭವಾನಿಸಾಗರ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ದಣ್ಣಾಯಕನಕೋಟೆ ಇವರದೇ ಹೆಸರಿನದು. ಯುದ್ಧವಷ್ಟೇ ಅಲ್ಲ, ಸೀಮೆಯ ಆಡಳಿತ, ತೆರಿಗೆ, ದಾನದತ್ತಿಗಳಲ್ಲೂ ಅವರ ಕೈಯಿತ್ತು. ಶಾಸನಗಳಲ್ಲಿ ಅವರ ಬಿರುದುಗಳಿಗೇ ಸಾಲುಗಟ್ಟಲೆ ಜಾಗ. ಅವರಿಗೆ ಬೆಳೆ ಅಳೆದುಕೊಟ್ಟ ರೈತ ಯಾವ ಕಲ್ಲನ್ನೂ ಕೆತ್ತಿಸಲಿಲ್ಲ. ಅವನ ಕಡೆಯಿಂದ ನಮಗೆ ದಕ್ಕಿರುವುದು ಈ ‘ಯಾವ ಸೀಮೆ ದೊಣ್ಣೆ ನಾಯ್ಕ’ ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇದೂ ಒಂದು ದಾಖಲೆಯೇ.

ಎಲ್ಲ ಪದವಿಗಳಿಗೂ ಹೀಗಾಗಿಲ್ಲ. ‘ಪೆರ್ಗಡೆ’ ಹೆಗ್ಗಡೆಯಾಗಿ, ಹೆಗ್ಗಡದೇವನಕೋಟೆಯ ಹೆಸರಿನಲ್ಲಿ ಮರ್ಯಾದೆಯಿಂದಲೇ ಕೂತಿದೆ. ದೊಣ್ಣೆ ನಾಯಕನ ಹಿಂದೆ ಮಾತ್ರ ಸರತಿಯೇ ಇದೆ. ‘ಪಾಳೇಗಾರಿಕೆ ನಡಿಯಕಿಲ್ಲ’, ‘ದೊಡ್ ನವಾಬ’, ‘ಲಾಟ್ ಸಾಹೇಬ’ ಎಂದು ಆಳಿದವರೆಲ್ಲ ಒಬ್ಬರಾದ ಮೇಲೊಬ್ಬರು ಬಂದು ನಿಂತಿದ್ದಾರೆ. ಬ್ರಿಟಿಷ್ ಲಾರ್ಡ್ ಲಾಟ್ ಆಗಲು ಬಹಳ ಕಾಲವೇನೂ ಬೇಕಾಗಲಿಲ್ಲ.

ಇವೆಲ್ಲ ಕೆಳಗಿನಿಂದ ಮೇಲಕ್ಕೆ ಎಸೆದ ಕಲ್ಲುಗಳು. ಮೇಲಿನಿಂದ ಕೆಳಕ್ಕೆ ಬಿದ್ದ ಪದವೂ ಒಂದಿದೆ: ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯ ತದ್ಭವ ಇದು. (ಬಿಟ್ಟಿದೇವನ ಬಿಟ್ಟಿ ಬೇರೆ, ಅದು ವಿಷ್ಣುವಿನಿಂದ ಬಂದದ್ದು.) ವಿಷ್ಟಿ ಎಂದರೆ ಕೂಲಿಯಿಲ್ಲದೆ ಮಾಡಲೇಬೇಕಾದ ಕೆಲಸ, ಅರ್ಥಶಾಸ್ತ್ರದಲ್ಲೇ ಇದರ ಮಾತಿದೆ. ನಮ್ಮ ಶಾಸನಗಳ ತೆರಿಗೆ ಪಟ್ಟಿಗಳಲ್ಲಿ ಬಿಟ್ಟಿ ಬರುತ್ತದೆ, ಕೆಲವೊಮ್ಮೆ ಬತ್ತ ಕುಟ್ಟುವ ಕೊಟ್ಟಣವೂ ಅದರ ಜೊತೆಗಿರುತ್ತದೆ. ಅದು ಹೆಚ್ಚಾಗಿ ಕಾಣಿಸುವುದು ವಿನಾಯಿತಿಯ ಸಂದರ್ಭದಲ್ಲಿ. ದಾನ ಕೊಟ್ಟ ಊರಿಂದ ಅರಮನೆ ಇನ್ನು ಮುಂದೆ ಇಂತಿಂಥದ್ದನ್ನು ಕೇಳುವುದಿಲ್ಲ ಎಂದು ಬರೆಸುವಾಗ. ವಿನಾಯಿತಿ ಸಿಗದ ಊರಿನವರು ಹೊರುತ್ತಲೇ, ಅಗೆಯುತ್ತಲೇ, ಕುಟ್ಟುತ್ತಲೇ ಇದ್ದರು.

ಅಂದರೆ ಅಂದು ಪುಕ್ಕಟೆಯಾಗಿ ಪಡೆದವನು ದಣ್ಣಾಯಕ, ಪುಕ್ಕಟೆಯಾಗಿ ಕೊಟ್ಟವನು ಆಳು. ಪದ ನಿಧಾನವಾಗಿ ಕೆಲಸವನ್ನು ಬಿಟ್ಟು ‘ಪುಕ್ಕಟೆ’ ಎಂಬ ಅರ್ಥವನ್ನಷ್ಟೇ ಹಿಡಿದುಕೊಂಡಿತು. ‘ನಾನೇನು ಬಿಟ್ಟಿ ಬಿದ್ದಿದೀನಾ?’ ಎಂಬ ಮಾತಿನಲ್ಲಿ ಹಳೆಯ ನೋವು ಇನ್ನೂ ಸ್ವಲ್ಪ ಇದೆ. ಆದರೆ ಪಡಿತರದ ಅಕ್ಕಿಯನ್ನೂ, 2023ರ ಜೂನ್‌ನಲ್ಲಿ ಶುರುವಾದ ಹೆಂಗಸರ ಉಚಿತ ಬಸ್ಸನ್ನೂ ‘ಬಿಟ್ಟಿ ಭಾಗ್ಯ’ ಎಂದು ಹಂಗಿಸುವಾಗ ಪದ ಪೂರ್ತಿ ತಲೆಕೆಳಗಾಗಿದೆ. ಯೋಜನೆಗಳು ಸರಿಯೋ ತಪ್ಪೋ ಎಂಬ ಜಗಳ ಬೇರೆ, ಅದನ್ನು ಮಾಡಲಿ. ನನಗೆ ಕಸಿವಿಸಿಯಾಗುವುದು ಯಾರ ಬೆವರಿನ ಹೆಸರೋ ಅವರಿಗೇ ಬೈಗುಳವಾಗಿರುವುದರ ಬಗ್ಗೆ.

ಇದು ಬಹಳ ಹಿಂದಿನ ಕತೆಯೂ ಅಲ್ಲ. ಸಾಲಕ್ಕೆ ಸಿಕ್ಕಿಸಿ ದುಡಿಸುವ ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ. ಜೀತವೂ ಬಿಟ್ಟಿಯೂ ಒಂದೇ ಅಲ್ಲ. ಒಂದಕ್ಕೆ ಸಾಲ ನೆಪ, ಇನ್ನೊಂದಕ್ಕೆ ಅಧಿಕಾರವೇ ಸಾಕು. ದುಡಿದವರ ಬಾಯಲ್ಲಿ ಮಾತ್ರ ಎರಡೂ ಬೆರೆತಿವೆ.

ಕಳೆದ ವರ್ಷ ಎಚ್.ಡಿ. ಕೋಟೆಯಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿ ಸೀಟು ಸಿಗದ ಒಬ್ಬಾತ ‘ಎಲ್ಲಾ ಬಿಟ್ಟಿ ಟಿಕೆಟ್ಟೇ ತುಂಬ್ಕೊಂಡವೆ’ ಎಂದು ಗೊಣಗಿದ. ನನ್ನ ಪಕ್ಕದಲ್ಲಿದ್ದ, ಎಪ್ಪತ್ತರ ಆಸುಪಾಸಿನ ಹೆಂಗಸು ತಿರುಗಿ, ‘ನಮ್ಮವ್ವ ಬಿಟ್ಟಿ ಗೇದವ್ಳು ಕಣಪ್ಪ, ನಾನು ಬಿಟ್ಟಿ ಓಡಾಡ್ತಾವ್ನಿ. ನಿಂಗೇನ್ ಬಂತು?’ ಅಂದರು. ಆತ ಸುಮ್ಮನಾದ. ಹ್ಯಾಂಡ್‌ಪೋಸ್ಟ್ ದಾಟಿ ಹಂಪಾಪುರ ಬರುವವರೆಗೂ ಅವರು ತಾಯಿ ಗೇದ ಮನೆಯ ಲೆಕ್ಕ ಹೇಳಿದರು. ಎರಡು ಹೊತ್ತು ಮುದ್ದೆ, ವರ್ಷಕ್ಕೊಂದು ಸೀರೆ, ಸುಗ್ಗಿ ಮುಗಿದ ಮೇಲೆ ಒಂದಿಷ್ಟು ರಾಗಿ. ಸಾಲ ಎಷ್ಟಿತ್ತು ಎಂದು ಕೇಳಿದೆ. ಅದು ಅವ್ವನಿಗೂ ಗೊತ್ತಿರಲಿಲ್ಲವಂತೆ.