ಎರಡು ನೀಲಿ ಡಿಸ್ಕ್‌ಗಳ ಜಗಳ: ನಮ್ಮ ಬೀದಿಗೆ ಬಾರದೇ ಮುಗಿದ ಯುದ್ಧ

ಈ ಸಲ ಶೂಟ್ ಮಾಡಿದ್ದು ಫೋರ್ಟ್ ಕೊಚ್ಚಿಯಲ್ಲಿ, ಚೀನಾ ಬಲೆಗಳ ಪಕ್ಕ. ವಿಡಿಯೋದಲ್ಲಿ ಗಾಳಿಯ ಸದ್ದು ಜಾಸ್ತಿ ಅಂತ ತುಂಬಾ ಜನ ಹೇಳಿದ್ರಿ, ಅದಕ್ಕೇ ಮಾತನ್ನೆಲ್ಲ ಇಲ್ಲಿ ಬರೆದು ಹಾಕ್ತಾ ಇದ್ದೀನಿ. ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲೋ ಕಳಕ್ಕೂಟ್ಟಂನ ಟೆಕ್ನೋಪಾರ್ಕ್‌ನಲ್ಲೋ ಕೂತು ಓದೋರಿಗೆ ಇವತ್ತಿನ ವಿಷಯ ಹತ್ತಿರದ್ದೇ: ಒಂದು ಸ್ಟ್ಯಾಂಡರ್ಡ್ ಹೇಗೆ ಗೆಲ್ಲುತ್ತೆ, ಸೋತಾಗ ಪೆಟ್ಟು ಯಾರಿಗೆ ಬೀಳುತ್ತೆ?

ಕಾರಣ ಮನೆಯದು. ಹೋದ ತಿಂಗಳು ಅಕ್ಕ ಫೋನ್ ಮಾಡಿ, "ನಮ್ಮ ಮದುವೆ ಡಿವಿಡಿ ಓಡ್ತಾ ಇಲ್ಲ ಕಣೋ, ನೀನೇ ಏನಾದ್ರೂ ಮಾಡು" ಅಂದಳು. 2007ರ ಮದುವೆ. ಡಿಸ್ಕ್ ಹಾಕಿದರೆ ಧಾರೆಯ ಹತ್ತಿರ ಬಂದು ನಿಂತುಬಿಡುತ್ತೆ. ಆ ಡಿಸ್ಕ್ ಕೈಯಲ್ಲಿ ಹಿಡಿದಾಗಲೇ ಹೊಳೆದಿದ್ದು: ಅದೇ ವರ್ಷ ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳು ಡಿವಿಡಿಯ ಉತ್ತರಾಧಿಕಾರಿ ಯಾರು ಅಂತ ಕಿತ್ತಾಡ್ತಾ ಇದ್ದವು.

ಮೊದಲು ತಂತ್ರಜ್ಞಾನ, ಚಿಕ್ಕದಾಗಿ. ಸಿಡಿ ಓದೋ ಲೇಸರ್ 780 ನ್ಯಾನೋಮೀಟರ್, ಡಿವಿಡಿಯದ್ದು 650. ತರಂಗ ಚಿಕ್ಕದಾದಷ್ಟೂ ಪೆನ್ನಿನ ನಿಬ್ ಸಣ್ಣಗಾದ ಹಾಗೆ, ಅದೇ ಹಾಳೆಯಲ್ಲಿ ಹೆಚ್ಚು ಬರೀಬಹುದು. 1990ರ ದಶಕದಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರ ನೀಲಿ ಲೇಸರ್ ಸಾಧ್ಯ ಮಾಡಿ ತೋರಿಸಿದರು. ಮುಂದಿನ ಡಿಸ್ಕ್‌ಗಳು 405 ನ್ಯಾನೋಮೀಟರಿನ ಬೆಳಕಿಗೆ ಬಂದವು.

ಎರಡೂ ಬಣದವರು ಇದೇ ಬೆಳಕನ್ನು ಹಿಡಿದರು. ವ್ಯತ್ಯಾಸ ಇದ್ದಿದ್ದು ಪದರದಲ್ಲಿ. ತೊಷಿಬಾದ ಎಚ್‌ಡಿ ಡಿವಿಡಿಯಲ್ಲಿ ಡೇಟಾ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗೆ, ಅಂದ್ರೆ ಡಿವಿಡಿಯಲ್ಲಿ ಇದ್ದಷ್ಟೇ ಆಳ. ಹಾಗಾಗಿ ಹಳೇ ಡಿವಿಡಿ ಕಾರ್ಖಾನೆಯನ್ನೇ ಅಷ್ಟಿಷ್ಟು ಬದಲಿಸಿಕೊಂಡರೆ ಸಾಕು. ಒಂದು ಪದರಕ್ಕೆ 15 ಜಿಬಿ. ಸೋನಿ ಮತ್ತವರ ಗೆಳೆಯರ ಬ್ಲೂ-ರೇಯಲ್ಲಿ ಡೇಟಾ ಬರೀ 0.1 ಮಿಲಿಮೀಟರ್ ಒಳಗೆ. ಪದರಕ್ಕೆ 25 ಜಿಬಿ, ಆದರೆ ಹೊಸ ಯಂತ್ರ ಬೇಕು, ಗೀರು ಬೀಳದಂತೆ ಗಟ್ಟಿ ಲೇಪನ ಬೇಕು. ಒಬ್ಬರದು ಅಗ್ಗದ ದಾರಿ, ಇನ್ನೊಬ್ಬರದು ದೊಡ್ಡ ಚೀಲ.

ಈಗ ನನಗೆ ತುಂಬಾ ಮುಖ್ಯ ಅನ್ನಿಸೋ ಭಾಗ. ಇದೇ ಎರಡು ಬಣ 1995ರಲ್ಲೂ ಜಗಳಕ್ಕೆ ನಿಂತಿದ್ದವು. ಆಗ ಸೋನಿ–ಫಿಲಿಪ್ಸ್ ಒಂದು ಕಡೆ, ತೊಷಿಬಾ–ಟೈಮ್ ವಾರ್ನರ್ ಇನ್ನೊಂದು ಕಡೆ. ಆದರೆ ಐಬಿಎಂ, ಆಪಲ್, ಮೈಕ್ರೋಸಾಫ್ಟ್‌ನಂಥ ಕಂಪ್ಯೂಟರ್ ಕಂಪನಿಗಳು ಒಟ್ಟಾಗಿ, "ಒಂದೇ ಮಾಡಿಕೊಂಡು ಬನ್ನಿ, ಎರಡಾದ್ರೆ ನಾವು ತಗೊಳ್ಳಲ್ಲ" ಅನ್ನೋ ನಿಲುವು ತಗೊಂಡವು. ಐಬಿಎಂನ ಲೂ ಗರ್ಸ್ಟ್‌ನರ್ ಮಧ್ಯೆ ನಿಂತರು. ಹೀಗೆ ಹುಟ್ಟಿದ್ದು ಡಿವಿಡಿ.

ಹತ್ತು ವರ್ಷದ ನಂತರ, 2005ರಲ್ಲಿ, ಒಂದಾಗಿಸೋ ಮಾತುಕತೆ ಮತ್ತೆ ನಡೀತು, ಮುರಿದುಬಿತ್ತು. ಈ ಸಲ ಮಧ್ಯಸ್ಥಿಕೆ ಮಾಡಬೇಕಾದ ಕಂಪ್ಯೂಟರ್‌ನವರೇ ಎರಡು ಪಾಲಾಗಿದ್ದರು. ಮೈಕ್ರೋಸಾಫ್ಟ್, ಇಂಟೆಲ್ ಎಚ್‌ಡಿ ಡಿವಿಡಿ ಕಡೆ. ಡೆಲ್, ಆಪಲ್ ಬ್ಲೂ-ರೇ ಕಡೆ. ಮೆನುವಿನ ಸಾಫ್ಟ್‌ವೇರ್‌ನಲ್ಲೂ ಜಗಳ: ಬ್ಲೂ-ರೇಯಲ್ಲಿ ಜಾವಾ, ಅತ್ತ ಮೈಕ್ರೋಸಾಫ್ಟ್‌ನ ಎಚ್‌ಡಿಐ. ಪಂಚಾಯ್ತಿ ಮಾಡೋರೇ ಪಕ್ಷ ಹಿಡಿದರೆ ನ್ಯಾಯ ಎಲ್ಲಿಂದ ಬರಬೇಕು?

2006ರಲ್ಲಿ ಎರಡೂ ಅಂಗಡಿಗೆ ಬಂದವು. ಅಮೆರಿಕದಲ್ಲಿ ತೊಷಿಬಾ ಪ್ಲೇಯರ್ 499 ಡಾಲರ್, ಮೊದಲ ಬ್ಲೂ-ರೇ ಪ್ಲೇಯರ್ ಸುಮಾರು 1000. ಬೆಲೆ ನೋಡಿದರೆ ತೊಷಿಬಾ ಗೆಲ್ಲಬೇಕಿತ್ತು. ಆದರೆ ನವೆಂಬರ್‌ನಲ್ಲಿ ಸೋನಿ ಪ್ಲೇಸ್ಟೇಷನ್ 3 ಒಳಗೇ ಬ್ಲೂ-ರೇ ಇಟ್ಟು ಕಳಿಸಿತು. ಆಟ ಆಡೋಕೆ ಕೊಂಡವರ ಮನೆಗೆ ಪ್ಲೇಯರ್ ತಾನಾಗೇ ಹೊಕ್ಕಿತು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ಗೆ ಎಚ್‌ಡಿ ಡಿವಿಡಿ ಡ್ರೈವ್ ಅನ್ನು ಬೇರೆಯಾಗಿ, 199 ಡಾಲರ್‌ಗೆ ಮಾರಿತು. ಡಿಫಾಲ್ಟ್ ಆಗಿ ಬರೋದಕ್ಕೂ ಬೇರೆಯಾಗಿ ಇನ್‌ಸ್ಟಾಲ್ ಮಾಡ್ಕೊಳ್ಳೋದಕ್ಕೂ ಎಷ್ಟು ಅಂತರ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಕೊನೆ ಬೇಗ ಬಂತು. 2008ರ ಜನವರಿ 4ರಂದು, ಅಲ್ಲಿವರೆಗೆ ಎರಡರಲ್ಲೂ ಸಿನಿಮಾ ಕೊಡ್ತಿದ್ದ ವಾರ್ನರ್, ಇನ್ನು ಬ್ಲೂ-ರೇ ಮಾತ್ರ ಅಂತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ವಾಲ್‌ಮಾರ್ಟ್ ಕೈಬಿಟ್ಟವು. ಫೆಬ್ರವರಿ 19ಕ್ಕೆ ತೊಷಿಬಾ ಸೋಲೊಪ್ಪಿತು. ಒಟ್ಟು 46 ದಿನ! ಪ್ಲೇಯರ್ ಕೊಂಡಿದ್ದವರ ಕೈಯಲ್ಲಿ ಹೊಸ ಸಿನಿಮಾ ಬರದ ಡಬ್ಬ ಉಳೀತು. ತೊಷಿಬಾ ಮಾತ್ರ ಮರುವರ್ಷವೇ ಬ್ಲೂ-ರೇ ಒಕ್ಕೂಟ ಸೇರಿಕೊಂಡಿತು.

ಸರಿ, ಆಗ ನಮ್ಮ ಕಡೆ ಏನಾಗ್ತಿತ್ತು? ನಮ್ಮಲ್ಲಿ ನಡೀತಿದ್ದ ಯುದ್ಧವೇ ಬೇರೆ. ಕನ್ನಡ, ಮಲಯಾಳಂ ಸಿನಿಮಾ ಮನೆಗೆ ಬರ್ತಿದ್ದಿದ್ದು ವಿಸಿಡಿಯಲ್ಲಿ. 352×288ರ ಚಿತ್ರ, ಒಂದು ಸಿನಿಮಾಗೆ ಎರಡು ಡಿಸ್ಕ್, ಇಂಟರ್ವಲ್‌ಗೆ ಎದ್ದು ಬದಲಾಯಿಸಬೇಕು. ಆ ಹೊತ್ತಿಗೆ ದೆಹಲಿಯ ಮೋಸರ್ ಬೇರ್ ಕಂಪನಿ ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಮಾರಿ ಮಾರುಕಟ್ಟೆ ಅಲ್ಲಾಡಿಸಿತು. ಗುರಿ ನಕಲಿ ಡಿಸ್ಕ್‌ನವರು. ತಿರುವನಂತಪುರದ ಬೀಮಾಪಳ್ಳಿಯ ಅಂಗಡಿ ಬೀದಿ ಆಗ ನಕಲಿ ಡಿಸ್ಕ್‌ಗೆ ಹೆಸರುವಾಸಿ. ಇಡೀ ಊರಿಗೆ ಆ ಹಣೆಪಟ್ಟಿ ಹಚ್ಚೋದು ತಪ್ಪು. ಆದರೆ ಡಿಸೆಂಬರಿನ ಐಎಫ್‌ಎಫ್‌ಕೆ ಚಿತ್ರೋತ್ಸವದಲ್ಲಿ ಕೊರಿಯಾದ, ಇರಾನಿನ ಸಿನಿಮಾ ನೋಡಿ ಹುಚ್ಚು ಹಿಡಿಸಿಕೊಂಡ ಹುಡುಗರು ಉಳಿದದ್ದನ್ನು ಹುಡುಕಿಕೊಂಡು ಹೋಗ್ತಿದ್ದಿದ್ದು ಅಲ್ಲಿಗೇ ಅನ್ನೋದೂ ನಿಜ. ಒಂದೇ ಡಿವಿಡಿಯಲ್ಲಿ ನಾಲ್ಕೈದು ಸಿನಿಮಾ ತುರುಕಿದ್ದರೂ ಯಾರೂ ಪಿಕ್ಸೆಲ್ ಎಣಿಸಲಿಲ್ಲ. ಅವರಿಗೆ ಬೇಕಿದ್ದಿದ್ದು ಸಿಗೋ ಸಿನಿಮಾ, ಓಡೋ ಡಿಸ್ಕ್. ಬ್ಲೂ-ರೇ ಅಗ್ಗ ಆಗೋಷ್ಟರಲ್ಲಿ ಪೆನ್‌ಡ್ರೈವ್ ಬಂತು, ಆಮೇಲೆ ಫೋನ್.

ಗೆದ್ದವರ ಗತಿಯೂ ನೋಡಿ. ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಶುರು ಮಾಡಿದ್ದು 2007ರ ಜನವರಿಯಲ್ಲಿ, ಜಗಳ ಕಾವೇರಿದ್ದಾಗಲೇ. ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು. 2025ರ ಫೆಬ್ರವರಿಯಲ್ಲಿ ಸೋನಿ ತನ್ನ ಖಾಲಿ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆ ನಿಲ್ಲಿಸಿತು. ನಾನು ನಿಂತಿರೋ ಈ ದಡದಲ್ಲಿ 1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೋಟೆ ಕಸಿದರು, 1795ರಲ್ಲಿ ಇಂಗ್ಲಿಷರು ಡಚ್ಚರಿಂದ. ಧ್ವಜ ಬದಲಾಯಿತು, ಮೆಣಸು ಬೆಳೆಯೋನು ಮಾತ್ರ ಅಲ್ಲೇ ಉಳಿದ.

ಇನ್ನು ಅಕ್ಕನ ಡಿಸ್ಕ್. ಅಂಗಡಿಯ ಸಿನಿಮಾ ಡಿಸ್ಕ್‌ನಲ್ಲಿ ಡೇಟಾ ಅಚ್ಚೊತ್ತಿರುತ್ತೆ. ಸ್ಟುಡಿಯೋದವರು ಬರೆದು ಕೊಡೋ ಡಿವಿಡಿಯಲ್ಲಿ ಅದು ಬಣ್ಣದ ಪದರದ ಮೇಲಿರುತ್ತೆ. ಬಿಸಿಲು, ಸೆಕೆ, ಕರಾವಳಿಯ ತೇವಕ್ಕೆ ಆ ಬಣ್ಣ ಕೆಡುತ್ತೆ. ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಓದಬಹುದು ಅಂತ ಮೂರು ಡ್ರೈವ್‌ಗಳಲ್ಲಿ ಹಾಕಿ ನೋಡಿದೆ. ಮೂರನೆಯದರಲ್ಲಿ ಧಾರೆ ಸಿಕ್ಕಿತು, ಆಮೇಲಿನ ಹನ್ನೊಂದು ನಿಮಿಷ ಸಿಗಲಿಲ್ಲ. ಅದರಲ್ಲೇ ನಮ್ಮಜ್ಜಿ ಹಾಡು ಹೇಳಿದ್ದು. ಅಜ್ಜಿ ಈಗಿಲ್ಲ.

ಓಣಂಗೋ ದೀಪಾವಳಿಗೋ ಊರಿಗೆ ಹೋದಾಗ ಶೋಕೇಸ್ ತೆಗೆದು ನೋಡಿ. ಡಿಸ್ಕ್ ಇದ್ದರೆ ಆ ದಿನವೇ ಎರಡು ಕಡೆ ಕಾಪಿ ಮಾಡಿ. ಮುಂದಿನ ವಾರ ಸಿಗೋಣ.