ಹಿರಿಯರು ಮನೆಯಲ್ಲಿಯೇ ಉಳಿದ ಬಗೆ: ಪೆನ್ ಸೌತ್ ವಸತಿಯ ಚರಿತ್ರೆ

ಮುಪ್ಪು ಎಲ್ಲರಿಗೂ ಬರತಕ್ಕದ್ದು. ಆದರೆ ಮುಪ್ಪಿನೊಡನೆ ಮನೆಯನ್ನೂ ನೆರೆಯನ್ನೂ ಬಿಟ್ಟು ಹೋಗಬೇಕಾದ ದುಃಖವನ್ನು ಮನುಷ್ಯರು ಕೂಡಿ ಬಹುಮಟ್ಟಿಗೆ ನೀಗಬಲ್ಲರು. ಅಮೆರಿಕಾ ದೇಶದ ನ್ಯೂಯಾರ್ಕ್ ನಗರದ ಒಂದು ವಸತಿಯ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಆ ನಗರದಲ್ಲಿ ಸ್ತ್ರೀಯರ ಉಡುಪುಗಳನ್ನು ಹೊಲಿಯುವ ಕಾರ್ಖಾನೆಗಳು ಹೇರಳವಾಗಿದ್ದುವು. ಅಲ್ಲಿ ದುಡಿಯುವವರ ಸಂಘವು, ಶ್ರಮಜೀವಿಗಳು ಕೆಲಸದ ಸ್ಥಳಕ್ಕೆ ಸಮೀಪದಲ್ಲಿ ಅಲ್ಪ ವೆಚ್ಚದಿಂದ ವಾಸಿಸಲೆಂದು, ಸಹಕಾರ ತತ್ತ್ವದ ಮೇಲೆ ಪೆನ್ ಸೌತ್ ಎಂಬ ವಸತಿಯನ್ನು ಕಟ್ಟಿಸಿತು. ಅದರಲ್ಲಿ ಹತ್ತು ಎತ್ತರದ ಕಟ್ಟಡಗಳೂ 2,820 ಮನೆಗಳೂ ಇದ್ದುವು. 1962ನೆಯ ಇಸವಿಯ ಮೇ ತಿಂಗಳಿನಲ್ಲಿ ನಡೆದ ಸಮರ್ಪಣೋತ್ಸವಕ್ಕೆ ರಾಷ್ಟ್ರಾಧ್ಯಕ್ಷ ಕೆನೆಡಿಯವರೇ ಆಗಮಿಸಿದ್ದರು.

ಕಾಲ ಸರಿಯಿತು. ಮಕ್ಕಳು ಬೆಳೆದು ಬೇರೆಡೆಗೆ ಹೋದರು. ತಾಯಿತಂದೆಗಳು ಅಲ್ಲಿಯೇ ಉಳಿದರು. 1980ರ ದಶಕದ ನಡುವೆ ನೋಡಲಾಗಿ ನಿವಾಸಿಗಳಲ್ಲಿ ಹೆಚ್ಚಿನವರು ವೃದ್ಧರೇ ಆಗಿದ್ದರು. ಬಿದ್ದರೆ ಎತ್ತುವವರಿಲ್ಲ, ಮರೆವು ಬಂದರೆ ಕೇಳುವವರಿಲ್ಲ. ವೃದ್ಧಾಲಯಕ್ಕೆ ಹೋಗುವುದೊಂದೇ ಗತಿಯೇ ಎಂಬ ಪ್ರಶ್ನೆಯು ಎದ್ದಿತು.

ಆಗ ವಸತಿಯ ಸಹಕಾರಿಗಳು ನಗರದ ಧರ್ಮಸಂಸ್ಥೆಗಳ ನೆರವಿನಿಂದ 1986ರಲ್ಲಿ ಹೊಸ ವ್ಯವಸ್ಥೆಯೊಂದನ್ನು ಏರ್ಪಡಿಸಿದರು. ವೃದ್ಧರನ್ನು ಸೇವೆಯಿರುವಲ್ಲಿಗೆ ಒಯ್ಯದೆ, ಸೇವೆಯನ್ನೇ ವೃದ್ಧರಿರುವಲ್ಲಿಗೆ ತರುವುದೇ ಅದರ ತತ್ತ್ವ. ದಾದಿಯರೂ ಸಮಾಜಸೇವಕರೂ ವಸತಿಯ ಆವರಣದಲ್ಲಿಯೇ ದೊರೆತರು. ಹಿರಿಯರು ಸಮೀಪ ಸಮೀಪದಲ್ಲಿದ್ದುದರಿಂದ ಒಬ್ಬ ದಾದಿಯು ಸ್ವಲ್ಪ ವೆಚ್ಚದಲ್ಲಿ ಅನೇಕರನ್ನು ನೋಡಿಕೊಳ್ಳಲು ಸಾಧ್ಯವಾಯಿತು. ಇದಕ್ಕಿಂತ ಮಿಗಿಲಾದ ಸಂಗತಿಯೇನೆಂದರೆ, ವೃದ್ಧರು ಕೇವಲ ಸೇವೆ ಪಡೆಯುವವರಾಗಿ ಕುಳಿತಿರಲಿಲ್ಲ. ಕೈಲಾದವರು ತಾವೇ ಸ್ವಯಂಸೇವಕರಾಗಿ ನಿಂತರು, ಕಾರ್ಯದ ಆಲೋಚನೆಯಲ್ಲಿಯೂ ಪಾಲುಗೊಂಡರು.

ಇದರ ಬುಡದಲ್ಲಿ ಇನ್ನೊಂದು ತ್ಯಾಗವಿತ್ತು. ಆ ಪ್ರದೇಶದಲ್ಲಿ ಮನೆಗಳ ಬೆಲೆಯು ವಿಪರೀತವಾಗಿ ಏರಿತು. ಪೇಟೆಯ ಧಾರಣೆಗೆ ಮಾರಲು ಅನುಮತಿ ದೊರೆತಿದ್ದರೆ ಪ್ರತಿಯೊಬ್ಬನೂ ಧನಿಕನಾಗುತ್ತಿದ್ದನು. ಈ ವಿಷಯವು ಒಂದಕ್ಕಿಂತ ಹೆಚ್ಚು ಸಲ ಸದಸ್ಯರ ಮತಕ್ಕೆ ಬಂದಿತು. ಬಹುಮತವು ಪ್ರತಿಸಲವೂ ಮಿತವಾದ ಬೆಲೆಯನ್ನೇ ಉಳಿಸಿಕೊಂಡಿತು. ಬಡವನಿಗೆ ಕೈಗೆಟುಕದ ಮನೆಯಲ್ಲಿ ದಾದಿಯಿದ್ದು ಫಲವೇನು?

ಈ ಮೇಲ್ಪಂಕ್ತಿಯು ವ್ಯರ್ಥವಾಗಲಿಲ್ಲ. 1990ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ರಾಜ್ಯದ ಸರಕಾರವೂ, 1999ರಲ್ಲಿ ನಗರದ ಆಡಳಿತವೂ ಇಂಥ ವ್ಯವಸ್ಥೆಗಳಿಗೆ ಧನಸಹಾಯವನ್ನು ಕೊಡತೊಡಗಿದುವು. ಹಗಲಿರುಳು ಶುಶ್ರೂಷೆ ಬೇಕಾದವರ ಕಷ್ಟವೆಲ್ಲವೂ ಇದರಿಂದ ಪರಿಹಾರವಾಗದೆಂಬುದು ನಿಜ. ಆದರೂ ಹಿರಿಯರನ್ನು ಅವರ ಮನೆಯಲ್ಲಿಯೇ ಉಳಿಸುವ ಭಾರವು ಮಕ್ಕಳದೊಂದೇ ಅಲ್ಲ, ಸರಕಾರದ್ದೊಂದೇ ಅಲ್ಲ. ನೆರೆಹೊರೆಯು ಒಟ್ಟುಗೂಡಿ ಹೊತ್ತರೆ ಆ ಭಾರವು ಹಗುರವಾಗುವುದೆಂಬುದನ್ನು ಹೊಲಿಗೆಯ ಕೆಲಸಗಾರರು ಕಟ್ಟಿದ ಈ ವಸತಿಯು ತೋರಿಸಿಕೊಟ್ಟಿದೆ.